ಅರ್ಧ ವಾಕ್ಯವನ್ನು ನಂಬಿ ಸಹಿ ಹಾಕಿದ ವರ್ಷ

2019ರ ಸೆಪ್ಟೆಂಬರ್ ತಿಂಗಳ ಒಂದು ಶನಿವಾರ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನಿಂದ ನಮಗೊಂದು ಪತ್ರ ಬಂತು. ಲಕೋಟೆಯ ಮೇಲೆ ನನ್ನ ಹೆಸರೂ ಇತ್ತು, ನನ್ನ ಹೆಂಡತಿಯ ಹೆಸರೂ ಇತ್ತು. ಏಪ್ರಿಲ್‌ನಲ್ಲಿ ನಾವಿಬ್ಬರೂ ಜಂಟಿಯಾಗಿ ಸಲ್ಲಿಸಿದ್ದ 2018ರ ಆದಾಯ ತೆರಿಗೆ ರಿಟರ್ನ್ ಹುರುಳಿಲ್ಲದ ವಾದವನ್ನು ಆಧರಿಸಿದೆ, 30 ದಿನಗಳೊಳಗೆ ಸರಿಯಾದ ರಿಟರ್ನ್ ಕಳುಹಿಸದಿದ್ದರೆ 5,000 ಡಾಲರ್ ದಂಡ ಬೀಳುತ್ತದೆ ಎಂದು ಒಳಗಿನ ಪತ್ರ ಹೇಳುತ್ತಿತ್ತು. ಪತ್ರದ ನಮೂನೆಯ ಸಂಖ್ಯೆ 3176ಸಿ. ಆ ಸಂಖ್ಯೆಯನ್ನು ನಾನು ಇನ್ನು ಮರೆಯುವುದಿಲ್ಲ.

ಹೆಂಡತಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಾತ್ರಿ ಪಾಳಿ ಮುಗಿಸಿ ಆಗತಾನೇ ಬಂದಿದ್ದಳು. ಊಟದ ಮೇಜಿನ ಬಳಿ ನಿಂತುಕೊಂಡೇ ಎರಡು ಸಲ ಓದಿದಳು. ಕೂಗಾಡಲಿಲ್ಲ. "ರೀ, ನನ್ನ ಜೀವಮಾನದಲ್ಲಿ ಓದದೆ ಸಹಿ ಹಾಕಿದ ಕಾಗದ ಅದೊಂದೇ. ನೀವು ಕೊಟ್ಟಿದ್ದು ಅಂತ ಹಾಕಿದೆ" ಎಂದಳು. ಅವಳ ಸಂಬಳದಿಂದ ವರ್ಷವಿಡೀ ಕಡಿತವಾಗಿದ್ದ ತೆರಿಗೆಯನ್ನೂ ವಾಪಸು ಕೊಡಿ ಎಂದು ನಾನು ಆ ರಿಟರ್ನ್‌ನಲ್ಲಿ ಕೇಳಿದ್ದೆ. ಕೇಳಿದ್ದೇನೆಂದು ಅವಳಿಗೆ ಬಿಡಿಸಿ ಹೇಳಿರಲಿಲ್ಲ.

ನಾನು ಸಿದ್ದಾಪುರ ತಾಲ್ಲೂಕಿನವನು. ಉತ್ತರ ಕನ್ನಡದ ಆ ಭಾಗದಲ್ಲಿ ಹುಟ್ಟಿದವರಿಗೆ ಕರನಿರಾಕರಣೆ ಎಂಬ ಮಾತು ಶಾಲೆಯ ಪಾಠಕ್ಕಿಂತ ಮೊದಲೇ ಮನೆಯ ಜಗಲಿಯ ಮೇಲೆ ಕಿವಿಗೆ ಬೀಳುತ್ತದೆ. 1930ರ ದಶಕದ ಆರಂಭದಲ್ಲಿ, ಜಿಲ್ಲೆ ಇನ್ನೂ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, ಅಂಕೋಲಾದ ಮತ್ತು ಸಿದ್ದಾಪುರದ ರೈತರು ಬ್ರಿಟಿಷ್ ಸರ್ಕಾರಕ್ಕೆ ಕಂದಾಯ ಕಟ್ಟುವುದಿಲ್ಲವೆಂದರು. ಜಮೀನು ಜಪ್ತಿಯಾಯಿತು, ದನಕರು ಹರಾಜಾದವು, ಜನ ಜೈಲಿಗೆ ಹೋದರು. ನಮ್ಮ ಮನೆಯ ತಾಮ್ರದ ಹಂಡೆಯನ್ನು ಎತ್ತಿಕೊಂಡು ಹೋದ ದಿನವನ್ನು ಅಜ್ಜಿ ಎಷ್ಟು ಸಲ ಹೇಳಿದ್ದಳೋ! ಹಂಡೆ ಹೋದ ಜಾಗದ ಒಲೆಯನ್ನು ಅವಳು ಬಹಳ ದಿನ ಹಾಗೇ ಬಿಟ್ಟಿದ್ದಳಂತೆ. ತೆರಿಗೆ ಕೊಡದಿರುವುದು ಎಂದರೆ ನನ್ನ ಮನಸ್ಸಿನಲ್ಲಿ ಕಳ್ಳತನದ ಚಿತ್ರ ಮೂಡುತ್ತಿರಲಿಲ್ಲ, ಅಜ್ಜಿಯ ಮುಖ ಮೂಡುತ್ತಿತ್ತು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ನನ್ನನ್ನು ಆ ದಾರಿಗೆ ಎಳೆದದ್ದು ಹಣ ಮಾತ್ರವಲ್ಲ.

ಹಣವೂ ಹೌದು. ಹದಿನೈದು ವರ್ಷ ಕಂಪನಿಯ ನೌಕರಿ ಮಾಡಿದವನು 2018ರ ಆರಂಭದಲ್ಲಿ ಅದನ್ನು ಬಿಟ್ಟು ಸ್ವತಂತ್ರವಾಗಿ ಸಾಫ್ಟ್‌ವೇರ್ ಗುತ್ತಿಗೆ ಕೆಲಸ ಹಿಡಿದೆ. ನೌಕರನಿಗೆ ತೆರಿಗೆ ಕಡಿತವಾಗಿ ಸಂಬಳ ಕೈಗೆ ಬರುತ್ತದೆ, ಆ ಹಣವನ್ನು ಅವನು ನೋಡುವುದೇ ಇಲ್ಲ. ಸ್ವತಂತ್ರ ಕೆಲಸದವನಿಗೆ ಪೂರ್ತಿ ಹಣ ಬರುತ್ತದೆ. ಏಪ್ರಿಲ್, ಜೂನ್, ಸೆಪ್ಟೆಂಬರ್ ಮತ್ತು ಮರು ವರ್ಷದ ಜನವರಿಯಲ್ಲಿ ಅವನೇ ಅಂದಾಜು ಮಾಡಿ ಮುಂಗಡ ತೆರಿಗೆ ಕಟ್ಟಬೇಕು. ಆದಾಯ ತೆರಿಗೆಯಲ್ಲದೆ ಶೇಕಡಾ 15.3ರ ಸ್ವಉದ್ಯೋಗ ತೆರಿಗೆ ಬೇರೆ. ಮೊದಲ ಎರಡು ಕಂತು ಕಟ್ಟಿದೆ. ಅಷ್ಟರಲ್ಲಿ ಊರಿನಲ್ಲಿ ಆಯಿಯ ಮಂಡಿ ಶಸ್ತ್ರಚಿಕಿತ್ಸೆಯಾಯಿತು, ಮಳೆಗಾಲದಲ್ಲಿ ಮನೆಯ ಮಾಡು ಕುಸಿಯಿತು. ಉಳಿದ ಎರಡು ಕಂತಿನ ಹಣ ಸಿದ್ದಾಪುರಕ್ಕೆ ಹೋಯಿತು. 2019ರ ಮಾರ್ಚ್‌ನಲ್ಲಿ ಲೆಕ್ಕ ಹಾಕಿದಾಗ ಬಾಕಿ 23,400 ಡಾಲರ್ ಎಂದು ಬಂತು. ಬ್ಯಾಂಕಿನಲ್ಲಿ ಅದರ ಕಾಲು ಭಾಗವೂ ಇರಲಿಲ್ಲ.

ಆ ಹೊತ್ತಿಗೆ ನಾನು ಅಮೆರಿಕದ ಪೌರನಾಗಿ ಮೂರು ವರ್ಷವಾಗಿತ್ತು. ಪೌರತ್ವದ ಸಂದರ್ಶನಕ್ಕೆ ಆಗ ಓದಿಕೊಳ್ಳಬೇಕಿದ್ದ ನೂರು ಪ್ರಶ್ನೆಗಳಲ್ಲಿ ಮೊದಲನೆಯದೇ ಈ ನೆಲದ ಪರಮೋಚ್ಚ ಕಾನೂನು ಯಾವುದು ಎಂಬುದಾಗಿತ್ತು. ಉತ್ತರ, ಸಂವಿಧಾನ. ಫೆಡರಲ್ ಆದಾಯ ತೆರಿಗೆಯ ಫಾರಂ ಕಳುಹಿಸಲು ಕೊನೆಯ ದಿನ ಯಾವುದು ಎಂಬ ಪ್ರಶ್ನೆಯೂ ಅದೇ ಪಟ್ಟಿಯಲ್ಲಿತ್ತು. ಉತ್ತರ, ಏಪ್ರಿಲ್ 15. ಪ್ರಮಾಣವಚನದ ದಿನ ಕೈಗಿಟ್ಟ ಸಂವಿಧಾನದ ಪುಟ್ಟ ಪುಸ್ತಕವನ್ನು ನಾನು ಚೀಲದಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೆ. ಇಲ್ಲಿ ಹುಟ್ಟಿದವರಿಗಿಂತ ಚೆನ್ನಾಗಿ ಅದನ್ನು ಬಲ್ಲೆನೆಂಬ ಹೆಮ್ಮೆ ನನಗಿತ್ತು.

ನಾನು ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ಒಬ್ಬ ಹಿರಿಯರಿದ್ದರು. ವಿದ್ಯುತ್ ಇಂಜಿನಿಯರ್, ನಿವೃತ್ತಿಯಾದ ಮೇಲೂ ವಾರಕ್ಕೆ ಎರಡು ದಿನ ಸಲಹೆಗೆ ಬರುತ್ತಿದ್ದರು. ಮೃದು ಮಾತು, ಯಾರನ್ನೂ ನೋಯಿಸಿದವರಲ್ಲ. ನನ್ನ ಚೀಲದಲ್ಲಿ ಆ ಪುಸ್ತಕ ಕಂಡು, "ನೀವು ಇದನ್ನು ಓದುತ್ತೀರಾ? ಹಾಗಾದರೆ ನಿಮಗೆ ಒಂದು ಕಡತ ಕೊಡುತ್ತೇನೆ" ಎಂದರು. ಮುನ್ನೂರು ಪುಟಗಳ ದಪ್ಪ ಕಡತ. ಅದರಲ್ಲಿ ತೀರ್ಪುಗಳ ಉಲ್ಲೇಖಗಳು ಸಾಲುಸಾಲಾಗಿದ್ದವು. ಒಂದೊಂದಕ್ಕೂ ಸಂಪುಟದ ಸಂಖ್ಯೆ, ಪುಟದ ಸಂಖ್ಯೆ. ಇಷ್ಟೊಂದು ಅಡಿಟಿಪ್ಪಣಿ ಇರುವ ಬರಹ ಸುಳ್ಳಾಗಿರಲು ಸಾಧ್ಯವೇ ಎಂದುಕೊಂಡೆ.

ಆ ಕಡತದ ವಾದ ಹೀಗಿತ್ತು. ಸಂವಿಧಾನದ ಮೊದಲ ವಿಧಿ ನೇರ ತೆರಿಗೆಗೆ ಒಂದು ಷರತ್ತು ಹಾಕುತ್ತದೆ: ನೇರ ತೆರಿಗೆಯನ್ನು ರಾಜ್ಯಗಳ ನಡುವೆ ಜನಸಂಖ್ಯೆಗೆ ಅನುಗುಣವಾಗಿ ಹಂಚಬೇಕು. 1894ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಆದಾಯ ತೆರಿಗೆ ಹಾಕಿದಾಗ ಸುಪ್ರೀಂ ಕೋರ್ಟ್ 1895ರ ಪೊಲಾಕ್ ಮೊಕದ್ದಮೆಯಲ್ಲಿ ಐದು-ನಾಲ್ಕರ ಬಹುಮತದಿಂದ ಅದನ್ನು ರದ್ದು ಮಾಡಿತು. ಬಾಡಿಗೆ, ಬಡ್ಡಿ, ಲಾಭಾಂಶದಂತಹ ಆಸ್ತಿಯ ಆದಾಯದ ಮೇಲಿನ ತೆರಿಗೆ ಆಸ್ತಿಯ ಮೇಲಿನ ನೇರ ತೆರಿಗೆಯೇ, ಅದನ್ನು ಜನಸಂಖ್ಯೆಯಂತೆ ಹಂಚಿಲ್ಲ ಎಂಬುದು ಕಾರಣ. ಇಷ್ಟೂ ನಿಜ. ಇಲ್ಲಿಂದ ಮುಂದೆ ಕಡತ ಹೇಳುತ್ತಿದ್ದುದೇನೆಂದರೆ, ಆ ತೀರ್ಪನ್ನು ದಾಟಲೆಂದು ತಂದ 1913ರ 16ನೆಯ ತಿದ್ದುಪಡಿ ಸರಿಯಾಗಿ ಅಂಗೀಕಾರವೇ ಆಗಿಲ್ಲ. ಆಗಿದ್ದರೂ ಅದು ಹೊಸ ಅಧಿಕಾರ ಕೊಟ್ಟಿಲ್ಲ. ಕೊಟ್ಟಿದ್ದರೂ ದುಡಿದ ಕೂಲಿ ಆದಾಯವಲ್ಲ, ಶ್ರಮಕ್ಕೆ ಸರಿಸಮನಾದ ವಿನಿಮಯ. ಆದಾಯವೆಂದೇ ಇಟ್ಟುಕೊಂಡರೂ ತೆರಿಗೆ ಕಟ್ಟುವುದು ಸ್ವಇಚ್ಛೆಗೆ ಬಿಟ್ಟದ್ದೆಂದು ಸುಪ್ರೀಂ ಕೋರ್ಟೇ ಹೇಳಿದೆ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದಿರುವಂತೆ ಅದನ್ನು ಕಟ್ಟಿದ್ದರು.

ಅವುಗಳಲ್ಲಿ ಒಂದು ವಾದ ನಾವಿರುವ ಊರಿನದೇ ಆಗಿತ್ತು. ನಾವು ಓಹಾಯೊದ ರಾಜಧಾನಿ ಕೊಲಂಬಸ್‌ನಲ್ಲಿದ್ದೇವೆ. ಓಹಾಯೊ 1803ರಲ್ಲಿ ರಾಜ್ಯವಾದಾಗ ಕಾಂಗ್ರೆಸ್ ಅದನ್ನು ಸೇರಿಸಿಕೊಳ್ಳುವ ವಿಧ್ಯುಕ್ತ ನಿರ್ಣಯ ಮಾಡಿರಲಿಲ್ಲ. ನೂರೈವತ್ತನೆಯ ವರ್ಷಾಚರಣೆಯ ಹೊತ್ತಿಗೆ ಇದು ಗಮನಕ್ಕೆ ಬಂದು, ಹಳೆಯ ರಾಜಧಾನಿ ಚಿಲಿಕಾಥಿಯಿಂದ ಕುದುರೆಯ ಮೇಲೆ ಮನವಿ ಒಯ್ದರು. 1953ರ ಆಗಸ್ಟ್‌ನಲ್ಲಿ ಅಧ್ಯಕ್ಷ ಐಸೆನ್‌ಹೋವರ್ 1803ರ ಮಾರ್ಚ್ 1ರಿಂದಲೇ ಜಾರಿಗೆ ಬರುವಂತೆ ನಿರ್ಣಯಕ್ಕೆ ಸಹಿ ಹಾಕಿದರು. ಹಾಗಾದರೆ 1913ರಲ್ಲಿ ಓಹಾಯೊ ರಾಜ್ಯವೇ ಅಲ್ಲ, ಅದರ ಅಂಗೀಕಾರ ಲೆಕ್ಕಕ್ಕಿಲ್ಲ, ಓಹಾಯೊದಲ್ಲಿ ಹುಟ್ಟಿದ ಅಂದಿನ ಅಧ್ಯಕ್ಷ ಟಾಫ್ಟ್ ಕೂಡ ಅಧ್ಯಕ್ಷರಲ್ಲ ಎನ್ನುತ್ತಿತ್ತು ಕಡತ. ಕುದುರೆಯ ಕಥೆ ನಿಜವೆಂದು ಗೊತ್ತಾದ ಮೇಲೆ ಉಳಿದದ್ದೂ ನಿಜವಿರಬೇಕೆಂದು ನನ್ನ ಮನಸ್ಸು ಒಪ್ಪಿಕೊಂಡಿತು.

ಏಪ್ರಿಲ್ 12ರ ರಾತ್ರಿ ಫಾರಂ 1040ರ ಎಲ್ಲ ಆದಾಯದ ಸಾಲುಗಳಲ್ಲೂ ಸೊನ್ನೆ ಬರೆದೆ. ಎರಡು ಪುಟಗಳ ವಿವರಣೆ ಜೋಡಿಸಿದೆ. ಅದರಲ್ಲಿ ಪೊಲಾಕ್ ಇತ್ತು, ಓಹಾಯೊ ಇತ್ತು, 'ಸ್ವಇಚ್ಛೆ' ಎಂಬ ಪದದ ಕೆಳಗೆ ಎರಡು ಗೆರೆ ಇತ್ತು. ಅಜ್ಜಿಯನ್ನು ನೆನೆದು ಸಹಿ ಹಾಕಿದೆ. ಹೆಂಡತಿಗೆ ಸಹಿಯ ಜಾಗ ತೋರಿಸಿದೆ.

ಐದು ತಿಂಗಳ ನಂತರ ಪತ್ರ ಬಂದಾಗ ನಾನು ಮೊದಲು ಆ ಹಿರಿಯರಿಗೆ ಫೋನ್ ಮಾಡಿದೆ. "ಉತ್ತರ ಬರೆಯಿರಿ, ಯಾವ ಕಾನೂನಿನಡಿ ಎಂದು ಅವರನ್ನೇ ಕೇಳಿ. ಮಾದರಿ ಪತ್ರ ಕಡತದ 240ನೆಯ ಪುಟದಲ್ಲಿದೆ" ಎಂದರು. ಹೆಂಡತಿ ಪಕ್ಕದಲ್ಲೇ ಇದ್ದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಕಡತದಲ್ಲಿರುವ ತೀರ್ಪುಗಳನ್ನು ನೀವು ಓದಿದ್ದೀರಾ?" ಕಡತವನ್ನು ಮೂರು ಸಲ ಓದಿದ್ದೆ. ತೀರ್ಪುಗಳನ್ನು ಒಂದನ್ನೂ ಓದಿರಲಿಲ್ಲ.

ಓಹಾಯೊ ಸುಪ್ರೀಂ ಕೋರ್ಟಿನ ಕಾನೂನು ಗ್ರಂಥಾಲಯ ಸಯೋಟೊ ನದಿಯ ದಡದ ಕಟ್ಟಡದಲ್ಲಿದೆ, ಸಾರ್ವಜನಿಕರಿಗೂ ತೆರೆದಿದೆ. ನಾಲ್ಕು ದಿನ ಕೆಲಸಕ್ಕೆ ರಜೆ ಹಾಕಿ ಅಲ್ಲಿ ಕುಳಿತೆ. ಕಡತದ ಉಲ್ಲೇಖಗಳ ಪಟ್ಟಿ ಒಂದು ಕಡೆ, ಸುಪ್ರೀಂ ಕೋರ್ಟ್ ತೀರ್ಪುಗಳ ಸಂಪುಟಗಳು ಇನ್ನೊಂದು ಕಡೆ.

ಮೊದಲು ತೆಗೆದದ್ದು 362ನೆಯ ಸಂಪುಟ. 1960ರ ಫ್ಲೋರಾ ಮೊಕದ್ದಮೆ. ನಮ್ಮ ತೆರಿಗೆ ಪದ್ಧತಿ ಸ್ವಇಚ್ಛೆಯ ನಿರ್ಧರಣೆ ಮತ್ತು ಪಾವತಿಯ ಮೇಲೆ ನಿಂತಿದೆ, ಜಪ್ತಿಯ ಮೇಲಲ್ಲ ಎಂಬ ವಾಕ್ಯ 176ನೆಯ ಪುಟದಲ್ಲಿ ನಿಜವಾಗಿಯೂ ಇತ್ತು. ಎದೆ ಹಗುರಾಯಿತು. ಆಮೇಲೆ ಮೊಕದ್ದಮೆ ಯಾವುದರ ಬಗ್ಗೆ ಎಂದು ಮೊದಲ ಪುಟದಿಂದ ಓದಿದೆ. ಫ್ಲೋರಾ ಎಂಬವರು ತಮ್ಮ ನಷ್ಟವನ್ನು ಒಂದು ರೀತಿ ತೋರಿಸಿದ್ದರು, ಇಲಾಖೆ ಅದನ್ನು ಒಪ್ಪದೆ 28 ಸಾವಿರ ಡಾಲರಿಗೂ ಹೆಚ್ಚು ಬಾಕಿ ಹೇರಿತ್ತು. ಅವರು ಐದು ಸಾವಿರ ಚಿಲ್ಲರೆ ಮಾತ್ರ ಕಟ್ಟಿ, ಅದನ್ನು ವಾಪಸು ಕೊಡಿ ಎಂದು ದಾವೆ ಹೂಡಿದರು. ಕೋರ್ಟ್ ಹೇಳಿದ್ದೇನು? ಬಾಕಿಯನ್ನು ಪೂರ್ತಿ ಕಟ್ಟಿ ಬನ್ನಿ, ಆಮೇಲೆ ದಾವೆ. ಮೊದಲೇ ಕಟ್ಟಲಾಗದವರಿಗೆ ಬೇರೊಂದು ದಾರಿ ಇದೆ, ಇಲಾಖೆಯ ಬಾಕಿ ನೋಟಿಸು ಬಂದ 90 ದಿನಗಳೊಳಗೆ ಟ್ಯಾಕ್ಸ್ ಕೋರ್ಟಿಗೆ ಅರ್ಜಿ ಹಾಕುವುದು. ಎಲ್ಲವನ್ನೂ ಓದಿದ ಮೇಲೆ ಸ್ವಇಚ್ಛೆ ಎಂದರೆ ಅಲ್ಲೇನೆಂದು ತಿಳಿಯಿತು: ನಿಮ್ಮ ತೆರಿಗೆಯ ಲೆಕ್ಕವನ್ನು ಮೊದಲು ನೀವೇ ಹಾಕಿ ತಿಳಿಸುತ್ತೀರಿ, ಸರ್ಕಾರ ಬಾಗಿಲು ಬಡಿದು ಎಣಿಸಿಕೊಂಡು ಹೋಗುವುದಿಲ್ಲ. ಪೂರ್ತಿ ಕಟ್ಟಿಯೇ ಜಗಳ ಮಾಡು ಎಂದ ತೀರ್ಪಿನಿಂದ ಕಟ್ಟಬೇಕಿಲ್ಲ ಎಂಬ ಅರ್ಥವನ್ನು ನಮ್ಮ ಕಡತ ಹಿಂಡಿ ತೆಗೆದಿತ್ತು. ನಾನು ಎರಡು ಗೆರೆ ಎಳೆದಿದ್ದ ಪದ ಅದು.

ಎರಡನೆಯದು 240ನೆಯ ಸಂಪುಟ, 1916. ಆ ವರ್ಷದ ಬ್ರಷೇಬರ್ ತೀರ್ಪು 1913ರ ಆದಾಯ ತೆರಿಗೆಯನ್ನು ಎತ್ತಿಹಿಡಿಯಿತು. ಮುಖ್ಯ ನ್ಯಾಯಮೂರ್ತಿ ಎಡ್ವರ್ಡ್ ವೈಟ್ ಅವರ ವಾಕ್ಯಗಳು ಒಂದೊಂದೂ ಅರ್ಧ ಪುಟ ಉದ್ದ, ಓದಿ ಮುಗಿಸುವಷ್ಟರಲ್ಲಿ ಕರ್ತೃಪದ ಮರೆತುಹೋಗುತ್ತದೆ. ಅದೇ ಸಂಪುಟದ ಸ್ಟಾಂಟನ್ ತೀರ್ಪಿನಲ್ಲಿ 16ನೆಯ ತಿದ್ದುಪಡಿ ಹೊಸ ತೆರಿಗೆ ಅಧಿಕಾರವನ್ನು ಕೊಟ್ಟಿಲ್ಲ ಎಂಬ ಮಾತಿದೆ. ಕಡತದಲ್ಲಿ ಆ ಮಾತು ಅಲ್ಲಿಗೇ ನಿಂತಿತ್ತು. ಪುಸ್ತಕದಲ್ಲಿ ವಾಕ್ಯ ಮುಂದುವರಿಯುತ್ತದೆ: ಆದಾಯ ತೆರಿಗೆ ವಿಧಿಸುವ ಪೂರ್ಣ ಅಧಿಕಾರ ಕಾಂಗ್ರೆಸ್‌ಗೆ ಮೊದಲಿನಿಂದಲೂ ಇತ್ತು, ಅದನ್ನು ನೇರ ತೆರಿಗೆಯ ಗುಂಪಿಗೆ ಎಳೆದು ಹಾಕುವುದನ್ನು ತಿದ್ದುಪಡಿ ತಡೆಯಿತು ಅಷ್ಟೆ. ಅಧಿಕಾರ ಮೊದಲೇ ಇತ್ತು ಎಂದು ಹೇಳುವ ವಾಕ್ಯದ ಕುತ್ತಿಗೆ ಕೊಯ್ದು, ಅಧಿಕಾರವೇ ಇಲ್ಲ ಎಂದು ಹೇಳಿಸಿದ್ದರು. ಆ ಪುಟದ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ. ತಪ್ಪು ತಿಳಿವಳಿಕೆಯನ್ನು ಕ್ಷಮಿಸಬಹುದು. ಯಾರೋ ಒಬ್ಬರು, ಎಂದೋ ಒಂದು ದಿನ, ಉಳಿದರ್ಧವನ್ನು ಕಣ್ಣಾರೆ ಕಂಡೂ ಬಿಟ್ಟಿದ್ದರು. ಅದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ.

ಓಹಾಯೊ ವಾದಕ್ಕೆ ಕೂಡುವ ಕಳೆಯುವ ಲೆಕ್ಕವೇ ಸಾಕಾಗಿತ್ತು. ಅಂದು ಇದ್ದದ್ದು 48 ರಾಜ್ಯಗಳು, ಬೇಕಾದದ್ದು 36ರ ಅಂಗೀಕಾರ. 1913ರ ಫೆಬ್ರವರಿ 25ರಂದು ವಿದೇಶಾಂಗ ಕಾರ್ಯದರ್ಶಿ ಫಿಲಾಂಡರ್ ನಾಕ್ಸ್ ಹೊರಡಿಸಿದ ಘೋಷಣೆಯಲ್ಲಿ 38 ರಾಜ್ಯಗಳ ಹೆಸರಿವೆ. ಓಹಾಯೊವನ್ನು ತೆಗೆದುಹಾಕಿದರೂ 37. ಟಾಫ್ಟ್ ಅಧ್ಯಕ್ಷರೋ ಅಲ್ಲವೋ ಎಂಬುದಕ್ಕೂ ತಿದ್ದುಪಡಿಗೂ ಸಂಬಂಧವಿಲ್ಲ, ಸಂವಿಧಾನ ತಿದ್ದುಪಡಿಗೆ ಅಧ್ಯಕ್ಷರ ಒಪ್ಪಿಗೆ ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 1798ರಲ್ಲೇ ಹೇಳಿದೆ. ಹಲವು ರಾಜ್ಯಗಳು ಕಳುಹಿಸಿದ ಪ್ರತಿಗಳಲ್ಲಿ ಕಾಗುಣಿತ, ಅಲ್ಪವಿರಾಮ, ದೊಡ್ಡಕ್ಷರಗಳು ಬೇರೆ ಬೇರೆ ಇದ್ದುದರಿಂದ ಅಂಗೀಕಾರ ಅಸಿಂಧು ಎಂಬ ವಾದವನ್ನು 1986ರಲ್ಲಿ ಏಳನೆಯ ಸರ್ಕ್ಯೂಟಿನ, ಅಂದರೆ ಕೆಲವು ರಾಜ್ಯಗಳು ಸೇರಿದ ಒಂದು ವಲಯದ, ಮೇಲ್ಮನವಿ ನ್ಯಾಯಾಲಯ ವಿವರವಾಗಿ ನೋಡಿ ತಳ್ಳಿಹಾಕಿದೆ. ಆ ವ್ಯತ್ಯಾಸಗಳ ಪಟ್ಟಿಯನ್ನು ವಿದೇಶಾಂಗ ಇಲಾಖೆಯ ಕಾನೂನು ಅಧಿಕಾರಿ 1913ರಲ್ಲೇ ನಾಕ್ಸ್ ಮುಂದೆ ಇಟ್ಟಿದ್ದರು. ಅವರು ನೋಡಿಯೇ ಘೋಷಿಸಿದ್ದರು.

ರಿಟರ್ನ್ ಸಲ್ಲಿಸುವುದೇ ನನ್ನ ವಿರುದ್ಧ ನಾನೇ ಸಾಕ್ಷಿ ಹೇಳಿದಂತೆ, ಐದನೆಯ ತಿದ್ದುಪಡಿ ಅದರಿಂದ ರಕ್ಷಿಸುತ್ತದೆ ಎಂಬ ವಾದ 1927ರಲ್ಲಿ, ಕಳ್ಳಸಾರಾಯಿ ಮಾರುತ್ತಿದ್ದವನೊಬ್ಬನ ಮೊಕದ್ದಮೆಯಲ್ಲಿ ಬಿದ್ದುಹೋಗಿತ್ತು. ಕೂಲಿ ಆದಾಯವಲ್ಲ ಎಂಬುದು ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ವಾದ. ತೋಟದಲ್ಲಿ ದುಡಿದು ಬೆಳೆದವರ ಮೊಮ್ಮಗನಿಗೆ ಅದು ಸಹಜ. ಆದರೆ ತಿದ್ದುಪಡಿಯ ಮಾತೇ ಯಾವ ಮೂಲದಿಂದ ಬಂದ ಆದಾಯವಾದರೂ ಎಂದು ಸ್ಪಷ್ಟವಾಗಿದೆ. 1955ರಲ್ಲಿ ಕೋರ್ಟ್ ಆದಾಯವೆಂದರೆ ನಿಸ್ಸಂದೇಹವಾಗಿ ಕೈಗೆ ಬಂದ, ನಮ್ಮ ಪೂರ್ಣ ಹಿಡಿತದಲ್ಲಿರುವ ಸಂಪತ್ತಿನ ಹೆಚ್ಚಳ ಎಂದಿತು. ನನ್ನ ಬ್ಯಾಂಕ್ ಖಾತೆಗೆ ಬಂದು ಸಿದ್ದಾಪುರದ ಮಾಡಿಗೆ ಹೋದ ಹಣ ಅದಲ್ಲದೆ ಮತ್ತೇನು?

ಒಂದು ವಿಷಯ ನನ್ನನ್ನು ಬೇರೆ ರೀತಿಯಲ್ಲಿ ಕಲಕಿತು. ನೇರ ತೆರಿಗೆಯನ್ನು ಜನಸಂಖ್ಯೆಯಂತೆ ಹಂಚಬೇಕು ಎಂಬ ಷರತ್ತನ್ನು ನಾನು ಸ್ವಾತಂತ್ರ್ಯದ ಕಾವಲುಗಾರನೆಂದು ಭಾವಿಸಿದ್ದೆ. ಚೀಲದ ಪುಟ್ಟ ಪುಸ್ತಕವನ್ನು ತೆಗೆದು ಆ ವಾಕ್ಯವನ್ನು ಪೂರ್ತಿ ಓದಿದೆ. ಪ್ರತಿನಿಧಿಗಳನ್ನೂ ನೇರ ತೆರಿಗೆಯನ್ನೂ ಹಂಚಲು ಜನರನ್ನು ಎಣಿಸಬೇಕು, ಎಣಿಸುವಾಗ ಸ್ವತಂತ್ರರಲ್ಲದವರನ್ನು ಐದರಲ್ಲಿ ಮೂರು ಭಾಗವೆಂದು ಹಿಡಿಯಬೇಕು ಎಂದಿದೆ. 1787ರಲ್ಲಿ ಗುಲಾಮರನ್ನು ಇಟ್ಟುಕೊಂಡ ರಾಜ್ಯಗಳೊಂದಿಗೆ ಮಾಡಿಕೊಂಡ ಚೌಕಾಶಿಯ ತುಂಡು ಅದು. ಇನ್ನು ಅದರ ಫಲ ನೋಡಿ: ಒಂದೇ ಜನಸಂಖ್ಯೆಯ ಎರಡು ರಾಜ್ಯಗಳಲ್ಲಿ ಒಂದರ ಒಟ್ಟು ಆದಾಯ ಇನ್ನೊಂದರ ಅರ್ಧದಷ್ಟಿದ್ದರೆ, ಇಬ್ಬರೂ ಸಮ ಮೊತ್ತ ಕೊಡಬೇಕಾಗಿ ಬಂದಾಗ ಬಡ ರಾಜ್ಯದವನ ತೆರಿಗೆಯ ದರ ಎರಡು ಪಟ್ಟಾಗುತ್ತದೆ. ಇದನ್ನು ನಾನು ಎರಡು ಪುಟಗಳ ವಿವರಣೆಯಲ್ಲಿ ನ್ಯಾಯವೆಂದು ಕೊಂಡಾಡಿದ್ದೆ.

ಗ್ರಂಥಾಲಯದಲ್ಲಿ ಓದಿದ್ದೆಲ್ಲ ನನಗೆ ಹಿತವಾಗಲಿಲ್ಲ. ಐದನೆಯ ಸರ್ಕ್ಯೂಟಿನ ನ್ಯಾಯಾಧೀಶರು 1984ರ ಒಂದು ತೀರ್ಪಿನಲ್ಲಿ, ಇಂತಹ ವಾದಗಳನ್ನು ಗಂಭೀರ ತರ್ಕದಿಂದ ಖಂಡಿಸುವ ಅಗತ್ಯವಿಲ್ಲ, ಖಂಡಿಸಿದರೆ ಅವುಗಳಲ್ಲಿ ಏನೋ ಸತ್ವವಿದೆಯೆಂಬ ಭಾವನೆ ಬರಬಹುದು ಎಂದಿದ್ದಾರೆ. ಈ ಮಾತು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಉತ್ತರ ಕೊಡದ ಪ್ರಶ್ನೆ ಕಡತದೊಳಗೆ ಹೋಗಿ ಬೆಳೆಯುತ್ತದೆ. ನನ್ನನ್ನು ಬಿಡಿಸಿದ್ದು ಬಾಯಿ ಮುಚ್ಚಿಸಿದ ತೀರ್ಪಲ್ಲ, ರಾಜ್ಯಗಳ ಲೆಕ್ಕವನ್ನೂ ಅಲ್ಪವಿರಾಮಗಳನ್ನೂ ತಾಳ್ಮೆಯಿಂದ ನೋಡಿದ ತೀರ್ಪುಗಳು.

ನಿಜವಾದ ಭಯ ಹುಟ್ಟಿದ್ದು ಮೂರನೆಯ ದಿನ, 1991ರ ಚೀಕ್ ಮೊಕದ್ದಮೆ ಓದಿದಾಗ. ಚೀಕ್ ಒಬ್ಬ ವಿಮಾನ ಚಾಲಕ. ನಮ್ಮ ಹಿರಿಯರಂತಹವರ ಸಭೆಗಳಿಗೆ ಹೋಗಿ, ಅಲ್ಲಿ ಕೇಳಿದ್ದನ್ನು ನಂಬಿ ರಿಟರ್ನ್ ಸಲ್ಲಿಸುವುದನ್ನು ನಿಲ್ಲಿಸಿದ್ದವರು. ಸುಪ್ರೀಂ ಕೋರ್ಟ್ ಒಂದು ಸೂಕ್ಷ್ಮ ವ್ಯತ್ಯಾಸ ಮಾಡಿತು. ಕಾನೂನು ತನಗೆ ಅನ್ವಯಿಸುವುದಿಲ್ಲವೆಂದು ಒಬ್ಬ ಪ್ರಾಮಾಣಿಕವಾಗಿ ತಪ್ಪು ತಿಳಿದಿದ್ದರೆ, ಆ ತಿಳಿವಳಿಕೆ ಎಷ್ಟೇ ಅಸಂಗತವಾಗಿದ್ದರೂ, ಉದ್ದೇಶಪೂರ್ವಕ ಅಪರಾಧವೆನ್ನಲಾಗದು. ಆದರೆ ಆ ಕಾನೂನು ಸಂವಿಧಾನಬಾಹಿರ ಎಂದು ನಂಬಿದ್ದೆ ಎನ್ನುವವನಿಗೆ ಆ ರಕ್ಷಣೆ ಇಲ್ಲ, ಏಕೆಂದರೆ ಕಾನೂನನ್ನು ಬಲ್ಲವನೇ ಹಾಗೆ ಹೇಳಬಲ್ಲ. ಮರುವಿಚಾರಣೆಯಲ್ಲೂ ಚೀಕ್ ತಪ್ಪಿತಸ್ಥರೆಂದೇ ತೀರ್ಮಾನವಾಯಿತು. ನಾನು ಜೋಡಿಸಿದ್ದ ಎರಡು ಪುಟಗಳು ಕಣ್ಣ ಮುಂದೆ ಬಂದವು. ಹೆಜ್ಜೆಹೆಜ್ಜೆಗೂ ಸಂವಿಧಾನ, ವಿಧಿ, ತಿದ್ದುಪಡಿ. ನನ್ನ ರಕ್ಷಣೆಗೆಂದು ಬರೆದದ್ದು ನನಗೆ ಕಾನೂನು ಗೊತ್ತಿತ್ತು ಎಂಬುದಕ್ಕೆ ನಾನೇ ಕೊಟ್ಟ ಸಾಕ್ಷಿಯಾಗಿತ್ತು, ಕೆಳಗೆ ಹೆಂಡತಿಯ ಸಹಿಯೂ ಇತ್ತು.

ಸೊನ್ನೆ ರಿಟರ್ನ್‌ನ ಪದ್ಧತಿಯನ್ನು ದೇಶದಾದ್ಯಂತ ಹರಡಿದ ಅರ್ವಿನ್ ಶಿಫ್ ಎಂಬವರನ್ನು ಕಡತ ವೀರನೆಂದು ಕರೆದಿತ್ತು. ಅವರು 2005ರಲ್ಲಿ ಶಿಕ್ಷೆಗೊಳಗಾಗಿ, 2015ರಲ್ಲಿ 87ನೆಯ ವಯಸ್ಸಿನಲ್ಲಿ ಸೆರೆಯಲ್ಲಿದ್ದಾಗಲೇ ತೀರಿಕೊಂಡರೆಂಬುದು ಅದರಲ್ಲಿ ಇರಲಿಲ್ಲ. ನಟ ವೆಸ್ಲಿ ಸ್ನೈಪ್ಸ್ 2008ರಲ್ಲಿ ದೊಡ್ಡ ಆರೋಪಗಳಿಂದ ಖುಲಾಸೆಯಾದದ್ದು ದಪ್ಪಕ್ಷರದಲ್ಲಿತ್ತು. ರಿಟರ್ನ್ ಸಲ್ಲಿಸದ ಮೂರು ಆರೋಪಗಳಲ್ಲಿ ತಪ್ಪಿತಸ್ಥರಾಗಿ ಮೂರು ವರ್ಷದ ಶಿಕ್ಷೆ ಪಡೆದದ್ದು ಇರಲಿಲ್ಲ.

ಆ ರಾತ್ರಿ ಅಜ್ಜಿ ನೆನಪಾದಳು. ಅವಳ ಕಾಲದ ರೈತರು ಕಂದಾಯದ ಕಾನೂನೇ ಇಲ್ಲ ಎಂದಿರಲಿಲ್ಲ. ಕಾನೂನಿದೆ, ಸರ್ಕಾರ ಅನ್ಯಾಯದ್ದು, ಕೊಡುವುದಿಲ್ಲ, ಏನು ಬೇಕಾದರೂ ಮಾಡಿಕೊಳ್ಳಿ ಎಂದು ಹೆಸರು ಹೇಳಿ ನಿಂತಿದ್ದರು. ಹಂಡೆ ಕೊಟ್ಟರು, ಹೊಲ ಕೊಟ್ಟರು. ಆ ಸರ್ಕಾರವನ್ನು ಬದಲಿಸುವ ಮತ ಅವರಿಗಿರಲಿಲ್ಲ, ನನಗಿದೆ. ನಾನು ಕಾನೂನೇ ಇಲ್ಲವೆಂದೆ, ಮೇಲೆ ಹೆಂಡತಿಯ ಸಂಬಳದ ತೆರಿಗೆಯನ್ನೂ ವಾಪಸು ಕೇಳಿದೆ. ಅಜ್ಜಿಯ ಮಾತನ್ನು ನಾನು ಎರವಲು ತಂದಿದ್ದೆ, ಅವಳು ತೆತ್ತ ಬೆಲೆಯನ್ನಲ್ಲ.

ಪತ್ರದ ಗಡುವಿಗೆ ಹನ್ನೆರಡು ದಿನ ಉಳಿದಿದ್ದಾಗ ಇಲಾಖೆಯ ಮುಂದೆ ತೆರಿಗೆದಾರರ ಪರ ನಿಲ್ಲಲು ಪರವಾನಗಿ ಪಡೆದ ಎನ್ರೋಲ್ಡ್ ಏಜೆಂಟ್ ಒಬ್ಬರ ಬಳಿ ಹೋದೆವು. ಅರುವತ್ತು ದಾಟಿದ ಮಹಿಳೆ. ಕಾಗದಗಳನ್ನು ನೋಡಿ ನನ್ನ ಕಡೆ ತಿರುಗದೆ ನನ್ನ ಹೆಂಡತಿಯನ್ನು, "ಇದರಲ್ಲಿ ಏನಿದೆ ಎಂದು ಈಗ ನಿಮಗೆ ಪೂರ್ತಿ ಗೊತ್ತೇ?" ಎಂದು ಕೇಳಿದರು. ಅವಳು ಹೌದೆಂದ ಮೇಲೆಯೇ ಕೆಲಸ ಶುರು ಮಾಡಿದರು. ನನ್ನ ವ್ಯವಹಾರದ ಖರ್ಚುಗಳನ್ನು ಶೆಡ್ಯೂಲ್ ಸಿ ಯಲ್ಲಿ ಸರಿಯಾಗಿ ತೋರಿಸಿ ಹೊಸ ರಿಟರ್ನ್ ಸಿದ್ಧಪಡಿಸಿದರು, 3176ಸಿ ಪತ್ರದ ಪ್ರತಿಯನ್ನು ಮೇಲಿಟ್ಟು ನೋಂದಾಯಿತ ಅಂಚೆಯಲ್ಲಿ ಕಳುಹಿಸಿಸಿದರು. ವಿವರಣೆ ಬರೆಯಲೇ ಎಂದು ಕೇಳಿದಾಗ, "ಒಂದು ಸಾಲೂ ಬೇಡ. ಅಂಕಿಗಳು ಸಾಕು" ಎಂದರು.

ಗಡುವಿನೊಳಗೆ ಸರಿಪಡಿಸಿದ್ದರಿಂದ 5,000 ಡಾಲರ್ ದಂಡ ಬೀಳಲಿಲ್ಲ. ಆದರೆ ಸೊನ್ನೆ ರಿಟರ್ನ್ ಅನ್ನು ಇಲಾಖೆ ರಿಟರ್ನ್ ಎಂದೇ ಪರಿಗಣಿಸಲಿಲ್ಲ. ಹಾಗಾಗಿ ತಿಂಗಳಿಗೆ ಶೇಕಡಾ 5ರಂತೆ ಗರಿಷ್ಠ ಶೇಕಡಾ 25ರವರೆಗೆ ಹೋಗುವ ತಡ ಸಲ್ಲಿಕೆಯ ದಂಡ, ತಡ ಪಾವತಿಯ ದಂಡ, ಬಡ್ಡಿ ಎಲ್ಲವೂ ಸೇರಿ 23,400 ಇದ್ದದ್ದು 30,000ದ ಸಮೀಪಕ್ಕೆ ಹೋಯಿತು. ಮಾರ್ಚ್‌ನಲ್ಲಿಯೇ ಕಂತಿನ ಅರ್ಜಿ ಹಾಕಿದ್ದರೆ ಆ ಹೆಚ್ಚಳದ ಬಹುಪಾಲು ಇರುತ್ತಲೇ ಇರಲಿಲ್ಲ. 50,000 ಡಾಲರಿನೊಳಗಿನ ಬಾಕಿಗೆ ಆಗ 72 ತಿಂಗಳವರೆಗೂ ಕಂತು ಮಾಡಿಕೊಡುತ್ತಿದ್ದರೆಂಬುದು, ಅದಕ್ಕೆ ಅರ್ಜಿ ಹಾಕಲು ಫಾರಂ 9465 ಎಂಬುದು ಇದೆಯೆಂಬುದು ನನಗೆ ಆ ಮಹಿಳೆ ಹೇಳುವವರೆಗೆ ತಿಳಿದಿರಲಿಲ್ಲ. ಕೈಯಲ್ಲಿ ಹಣವಿಲ್ಲವೆಂದು ಕಂಗೆಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಮೊದಲು ಆ ಫಾರಂ ನೋಡಿ. ನಾವು ತಿಂಗಳಿಗೆ 900 ಡಾಲರಿನಂತೆ ಮೂರು ವರ್ಷ ಕಟ್ಟಿದೆವು. ಹೆಂಡತಿ ಹೆಚ್ಚುವರಿ ಪಾಳಿಗಳನ್ನು ತೆಗೆದುಕೊಂಡಳು. ಆ ಮೂರು ವರ್ಷ ಊರಿಗೆ ಹೋಗಲಿಲ್ಲ.

ಕೊನೆಯ ಕಂತು ಮುಗಿದು ಒಂದು ವರ್ಷವಾಗಿತ್ತು. 2023ರ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟಿನಲ್ಲಿ 16ನೆಯ ತಿದ್ದುಪಡಿಯ ಅರ್ಥದ ಮೇಲೆಯೇ ವಾದ ನಡೆಯಿತು. ವಾಷಿಂಗ್ಟನ್ ರಾಜ್ಯದ ಮೂರ್ ದಂಪತಿಗಳ ಮೊಕದ್ದಮೆ. ಅದರ ವಿವರ ಓದುತ್ತಾ ಹೋದಂತೆ ಒಂದು ಹೆಸರು ಕಂಡು ಬೆರಗಾದೆ: ಕಿಸಾನ್‌ಕ್ರಾಫ್ಟ್. ಸಣ್ಣ ರೈತರಿಗೆ ಕೃಷಿ ಉಪಕರಣ ಒದಗಿಸುವ ಬೆಂಗಳೂರಿನ ಕಂಪನಿ. ಚಿಕ್ಕಪ್ಪನ ತೋಟದ ಕಳೆ ಕೊಚ್ಚುವ ಯಂತ್ರದ ಮೇಲೆ ನಾನು ಕಂಡಿದ್ದ ಹೆಸರು ಅದು. ಮೂರ್ ದಂಪತಿಗಳು 2006ರಲ್ಲಿ ಆ ಕಂಪನಿಯಲ್ಲಿ 40,000 ಡಾಲರ್ ಹೂಡಿ ಸುಮಾರು ಶೇಕಡಾ 13ರ ಪಾಲು ಪಡೆದಿದ್ದರು. ಕಂಪನಿ ಲಾಭವನ್ನು ಹಂಚದೆ ವ್ಯವಹಾರಕ್ಕೇ ಮರಳಿ ಹಾಕುತ್ತಿತ್ತು, ಅವರ ಕೈಗೆ ಬಿಡಿಗಾಸೂ ಬಂದಿರಲಿಲ್ಲ. 2017ರ ತೆರಿಗೆ ಕಾನೂನು ವಿದೇಶಿ ಕಂಪನಿಗಳಲ್ಲಿ ಕೂಡಿಬಿದ್ದ ಲಾಭವನ್ನು ಅಮೆರಿಕದ ದೊಡ್ಡ ಪಾಲುದಾರರ ಆದಾಯವೆಂದೇ ಎಣಿಸಿ ಒಂದು ಬಾರಿಯ ತೆರಿಗೆ ಹಾಕಿತು. ಅವರ ಪಾಲಿಗೆ ಬಂದದ್ದು 14,729 ಡಾಲರ್. ಕೈಗೆ ಬಾರದ್ದು ಆದಾಯವೇ, ಅದರ ಮೇಲೆ ಜನಸಂಖ್ಯೆಯಂತೆ ಹಂಚದೆ ತೆರಿಗೆ ಹಾಕಬಹುದೇ ಎಂಬುದು ಅವರ ಪ್ರಶ್ನೆ.

2024ರ ಜೂನ್ 20ರಂದು ತೀರ್ಪು ಬಂತು. ಏಳು-ಎರಡರಿಂದ ಅವರು ಸೋತರು. ಕಂಪನಿಗೆ ಬಂದ ಆದಾಯವನ್ನು ಪಾಲುದಾರರದೆಂದು ಎಣಿಸಿ ತೆರಿಗೆ ಹಾಕುವ ಅಧಿಕಾರ ಕಾಂಗ್ರೆಸ್‌ಗಿದೆ ಎಂದು ನ್ಯಾಯಮೂರ್ತಿ ಕ್ಯಾವನಾ ಬರೆದರು. ಕೈಗೆ ಬರುವುದು ಕಡ್ಡಾಯವೇ ಎಂಬ ದೊಡ್ಡ ಪ್ರಶ್ನೆಯನ್ನು ಮುಟ್ಟದೆ ಬಿಟ್ಟರು. ನಾಲ್ವರು ನ್ಯಾಯಮೂರ್ತಿಗಳು, ಇಬ್ಬರು ಫಲಿತಾಂಶವನ್ನು ಒಪ್ಪಿ ಮತ್ತು ಇಬ್ಬರು ಭಿನ್ನಮತದಲ್ಲಿ, ಅದು ಕಡ್ಡಾಯವೆಂಬ ಕಡೆ ವಾಲಿದರು. ಆದಾಯ ಎಂಬ ಒಂದೇ ಪದದ ಬಗ್ಗೆ ಒಂದು ನೂರ ಹನ್ನೊಂದು ವರ್ಷಗಳ ನಂತರವೂ ದೇಶದ ಅತ್ಯುನ್ನತ ನ್ಯಾಯಾಲಯ ಗಂಭೀರವಾಗಿ ಚರ್ಚಿಸುತ್ತಿತ್ತು. ಇಷ್ಟು ದೊಡ್ಡ, ಇಷ್ಟು ಜೀವಂತ ಪ್ರಶ್ನೆ ಅಲ್ಲಿರುವಾಗ ನಾನು ಓಹಾಯೊದ ಕುದುರೆಯ ಹಿಂದೆ ಹೋಗಿದ್ದೆ.

ಮರುದಿನ ಸಂಜೆ ಆ ಹಿರಿಯರ ಫೋನ್ ಬಂತು. ನಾಲ್ಕು ವರ್ಷಗಳಿಂದ ಮಾತಿರಲಿಲ್ಲ. ತೆರಿಗೆ ಬಾಕಿಗಾಗಿ ಅವರ ಮನೆಯ ಮೇಲೆ ತೆರಿಗೆ ಇಲಾಖೆಯ ಹಕ್ಕು ನೋಂದಾಯಿತವಾಗಿದೆಯೆಂದು ಬೇರೆಯವರಿಂದ ಕೇಳಿದ್ದೆ. ದನಿ ಇಳಿದಿತ್ತು, ಆದರೂ ಉತ್ಸಾಹವಿತ್ತು. "ನೋಡಿದಿರಾ? ನಾಲ್ವರು ನ್ಯಾಯಮೂರ್ತಿಗಳು ನಮ್ಮ ಕಡೆ!"

"ಸರ್, ಆ ದಂಪತಿಗಳು ಮೊದಲು ಏನು ಮಾಡಿದರು ಗೊತ್ತೇ?" ಎಂದು ಕೇಳಿದೆ.

"ಏನು?"

"14,729 ಡಾಲರನ್ನು ಪೂರ್ತಿ ಕಟ್ಟಿದರು. ಕಟ್ಟಿ, ವಾಪಸು ಕೊಡಿ ಎಂದು ದಾವೆ ಹೂಡಿದರು. ನಿಮ್ಮ ಕಡತದ ಫ್ಲೋರಾ ತೀರ್ಪು ಹೇಳಿದ ಹಾಗೆ."

ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, "ನನ್ನ ಬಳಿ ಆ ತೀರ್ಪಿನ ಒಂದು ಪುಟ ಮಾತ್ರ ಇದೆ" ಎಂದರು.

ಮರುದಿನ ಎರಡೂ ತೀರ್ಪುಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಮುದ್ರಿಸಿ, ಹೆಂಡತಿಗೆ ತೋರಿಸಿ, ಅವರ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಿದೆ. ಯಾವ ಸಾಲಿನ ಕೆಳಗೂ ಗೆರೆ ಎಳೆಯಲಿಲ್ಲ.